ಚಿಕಿತ್ಸೆಗೆ ಬಂದ ನಾಯಿ

೧೯೭೧ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ಮೊದಲೇ ಧಾರವಾಡದ ಕಡೆಯಿಂದ ಪುಣೆಗೆ ಬಂದು ಚೀಲ ಹೊತ್ತೆ. ಆಮೇಲೆ ಬೇರೆಯವರ ಟೆಂಪೊ ಓಡಿಸಿದೆ, ಕೊನೆಗೆ ನನ್ನದೇ ಒಂದನ್ನು ತೆಗೆದುಕೊಂಡೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈಗ ನನಗಿಂತ ಹೆಚ್ಚು ಕಲಿತ ಒಂದು ನಾಯಿಯ ವಿಷಯ ಬರೆಯುವವನಿದ್ದೇನೆ. ಅದು ಪರೀಕ್ಷೆ ಪಾಸಾಗಿತ್ತು. ಕೊರಳಲ್ಲಿ ಫೋಟೊ ಅಂಟಿಸಿದ ಕಾರ್ಡು, ಮೈಮೇಲೆ ಕೆಂಪು ಬಟ್ಟೆಯ ಕೋಟು.

ನನಗೆ ನಾಯಿ ಅಂದರೆ ಮಾರ್ಕೆಟ್ ಯಾರ್ಡಿನ ನಾಯಿಗಳು. ಬಟಾಟೆ ಚೀಲದ ಮೇಲೆ ಮಲಗುತ್ತವೆ, ಎದ್ದು ಹೋಗುವಾಗ ಅದೇ ಚೀಲಕ್ಕೆ ಕಾಲೆತ್ತುತ್ತವೆ. ಓಡಿಸಲು ನಾವು ‘ಹಚಾ’ ಅನ್ನುತ್ತೇವೆ, ಮರಾಠಿ ಹಮಾಲರು ‘ಹಾಡ್’ ಅನ್ನುತ್ತಾರೆ. ಯಾವ ಭಾಷೆಯಲ್ಲಿ ಬೈದರೂ ಅವು ಅರ್ಧ ದೂರ ಓಡಿ ಮತ್ತೆ ಬಂದು ಮಲಗುತ್ತವೆ. ಅಂಥ ಪ್ರಾಣಿ ಮನುಷ್ಯನಿಗೆ ಔಷಧ ಆಗುತ್ತದೆ ಅಂತ ಯಾರಾದರೂ ಹೇಳಿದ್ದರೆ ಮೊದಲು ಹೇಳಿದವನ ಹಣೆ ಮುಟ್ಟಿ ಜ್ವರ ನೋಡುತ್ತಿದ್ದೆ.

೨೦೦೬ರಲ್ಲಿ ನನ್ನ ಹೆಂಡತಿಗೆ ಲಕ್ವಾ ಹೊಡೆಯಿತು. ಬಲಗಾಲು ಸ್ವಲ್ಪ ದಿನಕ್ಕೆ ತಿರುಗಿ ಬಂತು. ಬಲಗೈ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿತು. ಮಾತು ಪೂರಾ ನಿಂತಿತು. ನಾವು ಹೇಳಿದ್ದು ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಬರುತ್ತಿರಲಿಲ್ಲ. ಬಾಯಿ ತೆರೆದು, ಹುಡುಕಿ, ಸಿಗದೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು.

ಕೈ ಹೋದರೆ ನಾನು ಉಣಿಸಬಲ್ಲೆ. ಮಾತಿನದು ಹಾಗಲ್ಲ. ನನ್ನ ದಿನವೆಲ್ಲ ವ್ಯಾಪಾರಿಗಳ ಜೊತೆ ಮರಾಠಿ, ಡ್ರೈವರುಗಳ ಜೊತೆ ಹಿಂದಿ. ಪುಣೆಯಲ್ಲೇ ಹುಟ್ಟಿದ ಮಗಳು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರಿಸುತ್ತಾಳೆ. ‘ಯಾಕ ಇಷ್ಟ ತಡಾ ಆತು? ಆ ಹೊಲಸ ಅಂಗಿ ಮೊದಲ ಕಳೀರಿ’ ಅಂತ ನನ್ನ ಭಾಷೆಯಲ್ಲಿ ನನ್ನನ್ನು ಬೈಯುವ ಬಾಯಿ ಈ ಊರಲ್ಲಿ ಒಂದೇ ಇತ್ತು, ಅದು ಮುಚ್ಚಿತು. ಅದು ತೆರೆಯಲಿ ಅಂತಲೇ ನಾನು ಬಂದ ಬಾಡಿಗೆಗಳನ್ನು ಬಿಟ್ಟು ಅವಳನ್ನು ಟೆಂಪೊದಲ್ಲಿ ಕೂರಿಸಿಕೊಂಡು ಲಕ್ವಾ ಹೊಡೆದವರ ಒಂದು ಚಿಕಿತ್ಸಾ ಕೇಂದ್ರಕ್ಕೆ ಅಲೆದದ್ದು.

ಅಲ್ಲಿ ಕೈಗೆ ವ್ಯಾಯಾಮ, ಬಾಯಿಗೆ ಮಾತು ಕಲಿಸುತ್ತಿದ್ದವಳು ಬೆಂಗಳೂರಿನ ಒಬ್ಬ ಹುಡುಗಿ. ಹೆಂಡತಿ ರಬ್ಬರ್ ಚೆಂಡು ಹಿಡಿಯಲಿಲ್ಲ, ಚಿತ್ರ ತೋರಿಸಿದರೆ ಕಣ್ಣು ಮುಚ್ಚಿದಳು. ಒಂದು ದಿನ ಆ ಹುಡುಗಿ ಅಂದಳು, “ಅಂಕಲ್, ಮಂಗಳವಾರ ಬನ್ನಿ. ಥೆರಪಿ ಡಾಗ್ ಬರತ್ತೆ. ಆಂಟಿಗೆ ತುಂಬಾ ಹೆಲ್ಪ್ ಆಗತ್ತೆ.”

“ನಾಯಿ?”

“ಹೂಂ, ನಾಯೀನೇ.”

“ಕಚ್ಚಿದ್ರ ಇಂಜೆಕ್ಷನ್ ನೀವ ಕೊಡ್ತೀರೇನು, ಇಲ್ಲಾ ಅದಕ್ಕ ಬ್ಯಾರೆ ದವಾಖಾನಿ ಹುಡುಕಬೇಕೊ?”

ನಾಯಿ ಬಂತು. ಕಾರಿನ ಹಿಂದಿನ ಸೀಟಿನಲ್ಲಿ, ಚಾದರ ಹಾಸಿಕೊಂಡು. ಆ ಸೀಟಿನ ಮೇಲೆ ನಮ್ಮ ಹಮಾಲರಲ್ಲಿ ಒಬ್ಬನನ್ನೂ ಯಾರೂ ಕೂರಿಸಿಕೊಳ್ಳುತ್ತಿರಲಿಲ್ಲ. ಸಾಕಿದ ಹೆಣ್ಣುಮಗಳು ಬಂಗಲೆಯವಳು, ಮರಾಠಿಯವಳು, ಮಾತು ಮೃದು. ಇದಕ್ಕೆ ಏನು ಕಲಿಸಿದ್ದೀರಿ ಅಂತ ಕೇಳಿದೆ. ಅವಳಿಗೆ ಅಷ್ಟೇ ಬೇಕಾಗಿತ್ತು. ಪಕ್ಕದಲ್ಲಿ ಊರುಗೋಲು ದಡ್ಡನೆ ಬಿದ್ದರೂ ಏಳಬಾರದು. ಗಾಲಿಕುರ್ಚಿ ಬಾಲದ ಹತ್ತಿರ ಬಂದರೂ ಹೆದರಬಾರದು. ಕಿವಿ ಎಳೆದರೆ ಸುಮ್ಮನಿರಬೇಕು. ನೆಲದ ಮೇಲೆ ಬಿಸ್ಕಿಟು ಬಿದ್ದಿದ್ದರೆ ಮೂಸಬಾರದು, ಅದು ರೋಗಿಯ ಮಾತ್ರೆಯೂ ಆಗಿರಬಹುದು. ಬೊಗಳಬಾರದು, ಮೈಮೇಲೆ ಹಾರಬಾರದು, ಮುಖ ನೆಕ್ಕಬಾರದು. ಇದನ್ನೆಲ್ಲ ಮರಿಯಿಂದ ದಿನಾ ಸ್ವಲ್ಪ ಸ್ವಲ್ಪ ಕಲಿಸಿ, ಆಮೇಲೆ ಗುರುತಿಲ್ಲದವರನ್ನು ಕರೆಸಿ ಪರೀಕ್ಷೆ ಮಾಡಿಸಬೇಕಂತೆ. ಹುಕುಮೆಲ್ಲ ಇಂಗ್ಲಿಷಿನಲ್ಲಿ.

ಗಂಡಸೊಬ್ಬ ಇಷ್ಟು ಕಲಿತರೆ ಅವನನ್ನು ಹೇಡಿ ಅನ್ನುತ್ತೇವೆ. ನಾಯಿ ಕಲಿತರೆ ಕೊರಳಿಗೆ ಕಾರ್ಡು.

“ಇದು ಬೊಗಳೋದೇ ಇಲ್ಲವಾ?” ಅಂತ ಮರಾಠಿಯಲ್ಲಿ ಕೇಳಿದೆ.

“ಇಲ್ಲ ಕಾಕಾ.”

“ಹಾಗಾದರೆ ಕೋಟು ಬಿಚ್ಚಿ ನೋಡಿ. ಒಳಗೆ ಕುರಿ ಇದ್ದೀತು.”

ಅವಳು ನಕ್ಕಳು. ನಾನು ನಗಿಸಲು ಹೇಳಿರಲಿಲ್ಲ.

ಲಾಭಗಳನ್ನೂ ವಿವರಿಸಿದಳು. ರಕ್ತದೊತ್ತಡ ಇಳಿಯುತ್ತದೆ, ಒಂಟಿತನ ಕಡಿಮೆಯಾಗುತ್ತದೆ, ಚೆಂಡು ಹಿಡಿ ಅಂದರೆ ಹಿಡಿಯದವರು ನಾಯಿಯ ಮೈ ಸವರಲು ತಾವಾಗಿ ಕೈ ಚಾಚುತ್ತಾರೆ. ಇರಬಹುದು. ಆದರೆ ಆ ಕೋಣೆಯ ಹೊರಗೆ ಬಾಕಿನ ಮೇಲೆ ರೋಗಿಗಳ ಮನೆಯವರು ಸಾಲಾಗಿ ಕೂತು ಮೊಬೈಲು ಒತ್ತುತ್ತಿದ್ದರು. ಒಳಗೆ ಅವರ ಕೆಲಸವನ್ನು ನಾಯಿ ಮಾಡುತ್ತಿತ್ತು. ಹೆತ್ತವರ ತೊಡೆಯ ಮೇಲೆ ಒಂದು ಗಳಿಗೆ ತಲೆ ಇಡಲು ನಾಚುವ ಜನ ನಾಯಿಯ ತಲೆ ಇಡಿಸಿ, ‘ನೋಡಿ, ಎಷ್ಟು ಖುಷಿಯಾದರು’ ಅಂತ ಬಾಗಿಲಿಂದ ಫೋಟೊ ತೆಗೆಯುತ್ತಿದ್ದರು.

ನನ್ನ ಹೆಂಡತಿ ಮೊದಲ ಸಲ ಬರೇ ನೋಡಿದಳು. ಮುಂದಿನ ಸಲ ಎಡಗೈ ಇಟ್ಟಳು. ಆಮೇಲೆ ಬೆಂಗಳೂರಿನ ಹುಡುಗಿ ಅವಳ ಬಲಗೈಯನ್ನು ಮೆಲ್ಲಗೆ ನಾಯಿಯ ಬೆನ್ನ ಮೇಲೆ ಇಟ್ಟಳು. ಕೂದಲೊಳಗೆ ಬೆರಳು ಒಂದೊಂದಾಗಿ ಸಡಿಲಾದವು. ಕಣ್ಣಾರೆ ಕಂಡದ್ದನ್ನು ಇಲ್ಲ ಅನ್ನುವುದಿಲ್ಲ. ಬಂಗಲೆಯವಳು ಅದನ್ನು ‘ನಮ್ಮವನ ಕೆಲಸ’ ಅಂದಳು. ಕೆಲಸ ಮಾಡಿದ್ದು ನನ್ನ ಹೆಂಡತಿ. ನಾಯಿ ಮಲಗಿತ್ತು.

ಬೆರಳು ಬಿಚ್ಚಿದರೂ ಬಾಯಿ ಬಿಚ್ಚಲಿಲ್ಲ. ತಿಂಗಳುಗಳು ಹೋದವು. ಆಗ ಬೆಂಗಳೂರಿನ ಹುಡುಗಿ ಕೇಳಿದಳು, “ಆಂಟಿ ಮೊದಲು ಹಾಡ್ತಿದ್ರಾ?”

ಹಾಡುತ್ತಿದ್ದಳೇ ಅಂದರೆ! ಪಿಂಪ್ರಿ-ಚಿಂಚವಾಡದವರೆಗೆ ಯಾವ ಕನ್ನಡ ಮದುವೆಯಿದ್ದರೂ ಸೋಬಾನ ಪದಕ್ಕೆ ಇವಳನ್ನೇ ಕರೆಯುತ್ತಿದ್ದರು. ಮಾತು ಹೋದವರಿಗೆ ಕೆಲವೊಮ್ಮೆ ಹಾಡಿನ ಜೊತೆ ಮಾತು ಬರುತ್ತದಂತೆ. “ಹಾಡೋಕೆ ನೀವೇ ಹೇಳಿ ಅಂಕಲ್. ನಿಮ್ಮನೆ ಭಾಷೇಲಿ ಹೇಳಿ, ನನ್ನ ಕನ್ನಡ ಅವ್ರಿಗೆ ಅಷ್ಟು ಹತ್ತಿರ ಅನ್ಸಲ್ಲ.”

ಹೆಂಡತಿಯ ಬಲಗೈ ನಾಯಿಯ ಬೆನ್ನ ಮೇಲಿತ್ತು. ನಾನು ಎದುರು ನಿಂತೆ. ಮೊದಲು ಸಮಾಧಾನದಿಂದಲೇ ಅಂದೆ, “ಹಾಡ್. ಒಂದ ಸಾಲ ಹಾಡ್.” ಅವಳು ಬಾಯಿ ತೆರೆದಳು, ಏನೂ ಬರಲಿಲ್ಲ. “ಹಾಡ್ ಅಂದೆ, ಹಾಡ್!” ಅವಳು ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ. ಯಾರ್ಡಿನ ಗದ್ದಲದಲ್ಲಿ ಪಳಗಿದ ಗಂಟಲು ನನ್ನದು. ಕೈ ಎತ್ತಿ ಒದರಿದೆ, “ಹಾಡ್! ಹಾಡ್!”

ಊರುಗೋಲಿಗೆ ಹೆದರದ ನಾಯಿ, ಗಾಲಿಕುರ್ಚಿಗೆ ಅಂಜದ ನಾಯಿ ಬಾಲ ಕಾಲಸಂದಿಗೆ ತುರುಕಿಕೊಂಡು ಎದ್ದು ಒಡತಿಯ ಸೀರೆಯ ಹಿಂದೆ ಹೋಗಿ ನಿಂತಿತು.

“ಅಹೋ ಕಾಕಾ, ನನ್ನ ನಾಯಿಗೆ ‘ಹಾಡ್’ ಅನ್ನುತ್ತೀರಾ!” ಬಂಗಲೆಯವಳ ಮೃದು ಮಾತು ಅಲ್ಲಿಗೆ ಮುಗಿಯಿತು.

“ನಿಮ್ಮ ನಾಯಿಗಲ್ಲ, ನನ್ನ ಹೆಂಡತಿಗೆ!” ಅಂದೆ. ಇದು ಇನ್ನೂ ಕೆಟ್ಟದಾಗಿ ಕೇಳಿಸಿತು. ನಮ್ಮ ಭಾಷೆಯಲ್ಲಿ ಹಾಗಂದರೆ ಪದ ಹೇಳು ಅಂತ ಅರ್ಥ ಎಂದು ತಿಳಿಸಲು ಹೋದರೆ ಅವಳು ಕೇಳಲೊಲ್ಲಳು. ಆಮೇಲೆ ಗೊತ್ತಾಯಿತು, ಅವಳ ಮನೆಗೆಲಸದವಳು ಕಸ ಹೊಡೆಯುವಾಗ ದಿನಾ ನಾಯಿಗೆ ಅದನ್ನೇ ಅನ್ನುತ್ತಿದ್ದಳು. ಇಷ್ಟೆಲ್ಲ ಇಂಗ್ಲಿಷ್ ಶಿಕ್ಷಣ ಕೊಡಿಸಿದ್ದರು. ಮನೆಯೊಳಗೆ ಕಸಬರಿಗೆಯ ಜೊತೆ ನಡೆದ ಮರಾಠಿ ಪಾಠ ಒಡತಿಗೇ ಗೊತ್ತಿರಲಿಲ್ಲ.

ನಾವಿಬ್ಬರೂ ಹೀಗೆ ಕೂಗಾಡುತ್ತಿದ್ದಾಗ ಬೆಂಗಳೂರಿನ ಹುಡುಗಿ ನನ್ನ ತೋಳು ಹಿಡಿದಳು. ಹೆಂಡತಿಯ ಕೈ ನಾಯಿ ಇಲ್ಲದ ಜಾಗದಲ್ಲಿ ಹಾಗೇ ಚಾಚಿಕೊಂಡಿತ್ತು. ಅವಳು ನನ್ನನ್ನೇ ದಿಟ್ಟಿಸುತ್ತಿದ್ದಳು. ತುಟಿ ಒಂದು ಕಡೆ ಎಳೆಯಿತು.

“ಹಚಾ.”

ನನಗೆ. ನಾಯಿಗಲ್ಲ, ನನಗೆ. ಆಮೇಲೆ ಉಸಿರು ತೆಗೆದುಕೊಂಡು, ಗಂಡನಿಗೆ ಬರೇ ಹಾಗೆ ಅನ್ನಬಾರದು ಎಂಬುದು ನೆನಪಾದಂತೆ ಸೇರಿಸಿದಳು,

“ರೀ.”

ನಾನು ಹೊರಗೆ ಹೋದೆ. ಹೋಗು ಅಂದ ಮೇಲೆ ಹೋಗಬೇಕಲ್ಲ. ಬಾಕಿನ ಮೇಲೆ ಕೂತೆ, ಮೊಬೈಲು ಒತ್ತುವವರ ಸಾಲಿನಲ್ಲಿ. ಒಳಗೆ ಬೆಂಗಳೂರಿನ ಹುಡುಗಿ ಅಳುತ್ತ ನಗುತ್ತ ಬಂಗಲೆಯವಳಿಗೆ ಅರ್ಥ ಬಿಡಿಸಿ ಹೇಳುತ್ತಿದ್ದದ್ದು ಕೇಳಿಸಿತು. ಬಂಗಲೆಯವಳು ಓಡಿ ಬಂದು, “ಕಾಕಾ, ನೋಡಿದಿರಾ ನಮ್ಮವನು ಮಾಡಿದ್ದು!” ಅಂದಳು. ಸೀರೆಯ ಹಿಂದೆ ಅಡಗಿದ್ದಕ್ಕೆ ಅದಕ್ಕೆ ಬಿಸ್ಕಿಟು ಕೊಟ್ಟರು.

ಮರುದಿನ ಬೆಳಿಗ್ಗೆ ಎರಡನೆಯ ಮಾತು ಬಂತು: “ಚಾ.” ಮಾಡಿಕೊಟ್ಟೆ. ಆಮೇಲೆ ‘ಸಕ್ರಿ’, ಆಮೇಲೆ ‘ಕಮ್ಮಿ’. ಹೀಗೆ ದೂರುಗಳ ದಾರಿಯಲ್ಲೇ ಮಾತು ಮನೆಗೆ ಬಂತು. ಮಂಗಳವಾರಕ್ಕೆ ಅವಳು ತಾನೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು ಕರೆದುಕೊಂಡು ಹೋಗಿ, ಹೊರಗೆ ಕೂಡುತ್ತಿದ್ದೆ.

ಸುದ್ದಿ ಹರಡಿತು. ಪರಿಚಯದ ಒಬ್ಬ ವ್ಯಾಪಾರಿ ವಾಕಡದ ತನ್ನ ಹೊಸ ಫ್ಲ್ಯಾಟಿಗೆ ಮರಿಯೊಂದನ್ನು ತಂದು, ಕೆಂಪು ಕೋಟು ಹೊಲಿಸಿ, “ನಮ್ಮದೂ ಥೆರಪಿ ನಾಯಿ” ಅಂದ. ಅದು ದಿನವಿಡೀ ಬಾಲ್ಕನಿಯಲ್ಲಿ ಕಟ್ಟಿಸಿಕೊಂಡು ಬೊಗಳುತ್ತಿತ್ತು. ಬಂಗಲೆಯವಳು ವರ್ಷಗಟ್ಟಲೆ ನೆಲಕ್ಕೆ ಕೂತು ಮಾಡಿದ ಕೆಲಸವನ್ನು ಈತ ದರ್ಜಿಯ ಕೈಯಲ್ಲಿ ಮುಗಿಸಿದ್ದ. ನಾಯಿ ಹೊತ್ತು ತಿರುಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕೆಲಸಗಳ್ಳರನ್ನು ಕಂಡರೆ ಇನ್ನೂ ಆಗುವುದಿಲ್ಲ.

ಮನೆಯಲ್ಲಿ ಈ ವಾದ ಇವತ್ತಿಗೂ ಇದೆ. ಅವಳು ತಡೆದು ತಡೆದು ಅನ್ನುತ್ತಾಳೆ, “ನಾಯಿಂದ ಬಂತ್ರೀ.”

“ನಾ ಒದರಿದ್ದಕ್ಕ ಬಂತು.”

“ಮನ್ಯಾಗ… ಅಷ್ಟ ದಿನಾ ಒದರಿದ್ರಿ. ಆವಾಗ ಯಾಕ ಬರಲಿಲ್ಲ?”

ನಾನೆದ್ದು ಚಾಕ್ಕೆ ನೀರಿಡುತ್ತೇನೆ. ಕೇಳಿದ್ದು ಕನ್ನಡದಲ್ಲಿ, ಅಷ್ಟು ಸಾಕು.

ಈಗ ನನಗಿರುವುದು ಎರಡು ಟೆಂಪೊ, ಎರಡು ಕೋಣೆಯ ಒಂದು ಸ್ವಂತ ಮನೆ, ಲಗ್ನವಾದ ಒಬ್ಬ ಮಗಳು, ಮಾತಾಡುವ ಒಬ್ಬ ಹೆಂಡತಿ. ನಾಯಿ ಸಾಕಿಲ್ಲ.