ನಾನು ಅಳಿಸಿದ ಎರಡು ಕಾಲಮಾನಗಳು

ಸೂಳೆಕೆರೆಯ ತಳದ ಕೆಸರು ನೋಡಿ ಹಿಂದಿನ ಕಾಲದ ಮಳೆ ಹೇಗಿತ್ತು ಎಂದು ತಿಳಿಯುವುದು ನನ್ನ ಪಿಎಚ್‌ಡಿ ಕೆಲಸವಾಗಿತ್ತು. ಉದ್ದನೆಯ ಕೊಳವೆಯನ್ನು ತಳಕ್ಕೆ ಇಳಿಸಿ ಮೇಲೆತ್ತಿದರೆ ಮಣ್ಣು ಪದರ ಪದರವಾಗಿ ಬರುತ್ತದೆ. ಕೆಳಗೆ ಹೋದಷ್ಟೂ ಹಳೆಯದು. ಆ ದಿನ ದೋಣಿಯಲ್ಲಿ ನಾನು, ನನ್ನ ಗೈಡ್ ಮತ್ತು ದೋಣಿ ನಡೆಸುತ್ತಿದ್ದ ವಯಸ್ಸಾದ ಮೀನುಗಾರ, ಮೂವರೇ ಇದ್ದೆವು.

ಕೊಳವೆ ಇಳಿಸಲು ಹೊರಟಾಗ ಮೀನುಗಾರ ತಡೆದರು. "ಇಲ್ಲಿ ಬ್ಯಾಡ ಸಾರ್. ತೂಬಿನ ಹತ್ರ ತೆಗೆದ ಹೂಳನ್ನ ಇಲ್ಲೇ ತಂದು ಸುರಿದಿದ್ರು. ಮಣ್ಣೆಲ್ಲ ಮೇಲೆ ಕೆಳಗೆ ಆಗೈತೆ. ಆ ಕಡೆ ಹೋಗಾನ ಬರ್ರಿ."

"ನೀನು ಮೀನು ನೋಡ್ಕೋ ಯಜಮಾನ, ಮಣ್ಣು ನಾವು ನೋಡ್ಕೋತೀವಿ" ಎಂದು ಗೈಡ್ ನಕ್ಕರು. ಬಾಯಲ್ಲಿದ್ದ ಎಲೆಅಡಿಕೆಯನ್ನು ಆ ಹಿರಿಯರ ಕಾಲ ಪಕ್ಕದಲ್ಲೇ ಉಗಿದರು. ನನಗೆ ಹೇಸಿಗೆಯಾಯಿತು. ಆದರೂ ಗೈಡ್ ತೋರಿಸಿದ ಜಾಗದಲ್ಲೇ ಕೊಳವೆ ಇಳಿಸಿದೆ.

ಕೆಲವು ತಿಂಗಳ ಬಳಿಕ ಲ್ಯಾಬಿನಿಂದ ಏಳು ಪದರಗಳ ಕಾಲಮಾನ, ಅಂದರೆ ಒಂದೊಂದೂ ಎಷ್ಟು ವರ್ಷ ಹಳೆಯದು ಎಂಬ ಲೆಕ್ಕ, ಬಂತು. ಮಧ್ಯದ ಎರಡು ಪದರಗಳು ತಮ್ಮ ಕೆಳಗಿನವುಗಳಿಗಿಂತ ಹಳೆಯವು! ಆಳಕ್ಕೂ ವಯಸ್ಸಿಗೂ ಗೆರೆ ಎಳೆಯುವ ಕಂಪ್ಯೂಟರ್ ಪ್ರೋಗ್ರಾಮು, ತನ್ನ ಅನುಮಾನವನ್ನು ಗೆರೆಯ ಸುತ್ತ ಅಗಲವಾದ ಪಟ್ಟಿಯಾಗಿ ತೋರಿಸಿತು. ಅದು ಪ್ರಾಮಾಣಿಕವಾಗಿತ್ತು.

"ಆ ಎರಡು ತೆಗೆದುಹಾಕಮ್ಮ," ಎಂದರು ಗೈಡ್.

"ಸಾರ್, ಹೂಳು ಸುರಿದ ಜಾಗ ಅಂತ ಅವರು ಹೇಳಿದ್ರಲ್ಲ. ಹಂಗಾದ್ರೆ ಉಳಿದ ಐದನ್ನೂ ನಂಬಾಕೆ ಆಗಲ್ಲ."

"ದೋಣಿಯವನ ಮಾತನ್ನ ಪೇಪರ್‌ನಾಗೆ ಬರೀತೀಯಾ? ಪಿಎಚ್‌ಡಿ ಬೇಕೋ ಬ್ಯಾಡ್ವೋ?"

ಬೇಕಿತ್ತು. ಅಳಿಸಿದೆ. ಪಟ್ಟಿ ಕಿರಿದಾಯಿತು, ಗೆರೆ ನುಣುಪಾಯಿತು. ಇಂಥ ವರ್ಷಗಳಲ್ಲೇ ಬರ ಬಂದಿತ್ತು ಎಂದು ಅವರು ಧೈರ್ಯವಾಗಿ ಬರೆದರು. ಲೇಖನದಲ್ಲಿ ಅವರ ಹೆಸರಿನ ಪಕ್ಕ ನನ್ನ ಹೆಸರೂ ಅಚ್ಚಾಯಿತು. ಜಗಳೂರಿನ ಮನೆಯಲ್ಲಿ ಅಪ್ಪ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಹೊನ್ನಾಳಿಯಲ್ಲಿ ಒಂದು ವಿಚಾರಗೋಷ್ಠಿ ನಡೆದಾಗ ಗೈಡ್ ಅದೇ ಗೆರೆಯನ್ನು ಪರದೆಯ ಮೇಲೆ ತೋರಿಸಿದರು. ಕೇಳುಗರಲ್ಲಿ ಒಬ್ಬರು, ನ್ಯಾಮತಿ ಕಡೆಯ ಮೇಷ್ಟ್ರು, ಎದ್ದು ನಿಂತು "ಏಳು ಪದರ ಲ್ಯಾಬಿಗೆ ಕಳ್ಸಿದ್ವಿ ಅಂದ್ರಿ, ಗೆರೆ ಮೇಲೆ ಐದೇ ಚುಕ್ಕಿ ಐತಲ್ಲ. ಎರಡು ಕಾಲಮಾನ ಕೈಬಿಟ್ಟಿದ್ದು ಯಾಕ್ರೀ?" ಎಂದು ಕೇಳಿದರು.

ಗೈಡ್ ಒಂದಿಷ್ಟೂ ತಡವರಿಸಲಿಲ್ಲ. "ಅದು ನಮ್ಮ ವಿದ್ಯಾರ್ಥಿನಿಯ ತೀರ್ಮಾನ" ಎಂದು ನನ್ನ ಕಡೆ ಕೈ ತೋರಿಸಿದರು.

ಎಲ್ಲರೂ ತಿರುಗಿ ನೋಡಿದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ, ಏಕೆಂದರೆ ಅಳಿಸುವ ಕೀಲಿ ಒತ್ತಿದ್ದು ನನ್ನ ಬೆರಳೇ. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ.

ಮರುವಾರ ಆ ಲೇಖನ ಅಚ್ಚಾಗಿದ್ದ ಪತ್ರಿಕೆಗೆ ಎಲ್ಲವನ್ನೂ ಬರೆದು ಕಳಿಸಿದೆ: ಸುರಿದ ಹೂಳು, ಅಳಿಸಿದ ಎರಡು ಕಾಲಮಾನ, ಅವನ್ನೂ ಸೇರಿಸಿದಾಗ ಬರುವ ಅಗಲ ಪಟ್ಟಿ. ಪತ್ರಿಕೆಯವರು ನಾಲ್ಕು ಸಾಲಿನ ತಿದ್ದುಪಡಿ ಹಾಕಿದರು. ಗೈಡ್ ಫೋನ್ ಮಾಡಿ, "ನಿಂಗೆ ಇಷ್ಟು ಕೊಳಕು ಬುದ್ಧಿ ಐತೆ ಅಂತ ಗೊತ್ತಿರಲಿಲ್ಲ" ಎಂದರು. ಬೇರೆ ಗೈಡ್ ಹುಡುಕಿಕೊಂಡು, ಬೇರೆ ಕೆರೆಯಲ್ಲಿ ಕೆಲಸವನ್ನು ಮೊದಲಿಂದ ಶುರು ಮಾಡಿದೆ. ಆ ಲೇಖನ ಎಲ್ಲಾದರೂ ಕಣ್ಣಿಗೆ ಬಿದ್ದರೆ ಈಗಲೂ ಅಸಹ್ಯವಾಗುತ್ತದೆ. ಅವರ ಹೆಸರಿಗಿಂತ ನನ್ನ ಹೆಸರು ಕಂಡಾಗಲೇ ಹೆಚ್ಚು.