ಶೇವಂತಾನ ರೊಟ್ಟಿ, ಶೇವಂತಾನ ಗುಳಿಗೆ

ಶೇವಂತಾ ದನ ನೀರು ಕುಡಿಯುವ ಕಲ್ಲುಬಾನಿಯೊಳಗೆ ಕಾಲು ಇಳಿಬಿಟ್ಟು ಕೂಡುತ್ತಿದ್ದಳು. ಹಾಡಹಗಲು, ಹಿತ್ತಲಲ್ಲಿ, ಎಲ್ಲರ ಕಣ್ಣೆದುರಿಗೆ. ಸೀರೆ ಮೊಣಕಾಲ ತನಕ ಎತ್ತಿ, ಹಸಿ ಬಟ್ಟೆಯೊಂದನ್ನು ಕೊರಳಿಗೆ ಸುತ್ತಿಕೊಂಡು. ಎಮ್ಮೆ ಬಂದು ಅವಳ ಕಾಲಿನ ಪಕ್ಕದಲ್ಲೇ ಮೂತಿ ಇಟ್ಟು ನೀರು ಹೀರುತ್ತಿತ್ತು. ಇವಳು ಅದರ ಹಣೆ ತಳ್ಳಿ, "ಸ್ವಲ್ಪ ಸರಿ ಬೇ. ನಿನಗ ನೀರಡಿಕಿ, ನನಗ ಉರಿ," ಅನ್ನುತ್ತಿದ್ದಳು. ಕಬ್ಬಿನ ಹೊಲ ಇದ್ದ ದೊಡ್ಡ ಮನೆಯ ಸೊಸೆ ಹೀಗೆ ಕೂತರೆ ನೋಡಿದವರು ಸುಮ್ಮನಿರುತ್ತಾರೆಯೇ? ತಲೆ ಕೆಟ್ಟಿದೆ ಅಂದರು. ತಲೆ ನೆಟ್ಟಗೇ ಇತ್ತು. ಕೆಟ್ಟಿದ್ದು ಮೈ.

ಶೇವಂತಾ ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ನನಗಿಂತ ಆರು ವರ್ಷ ಸಣ್ಣವಳು, ನನಗೆ ಅಕ್ಕಾ ಅನ್ನುತ್ತಿದ್ದಳು. ನಮ್ಮ ಊರು ಕುಡಚಿ ಸ್ಟೇಷನ್ನಿನಿಂದ ಒಂದು ಹರದಾರಿ. ಒಂದೇ ಮನೆ, ಒಂದೇ ಒಲೆ, ಉಣ್ಣುವವರು ಇಪ್ಪತ್ತು ಮಂದಿ. ರೊಟ್ಟಿ ಬಡಿಯುವುದು ಅವಳ ಕೆಲಸ, ಬೇಯಿಸುವುದು ನನ್ನದು. ಅವಳ ರೊಟ್ಟಿ ಎಷ್ಟು ತೆಳ್ಳಗೆಂದರೆ ಹಂಚಿಗೆ ಹಾಕುವಾಗ ನನ್ನ ಕೈ ಅಂಜುತ್ತಿತ್ತು. ಬಡಿಯುವ ಸಪ್ಪಳ ಒಂದೇ ಸಮ ಇರುತ್ತಿತ್ತು, ನಡುವೆ ತಪ್ಪುತ್ತಿರಲಿಲ್ಲ. ಆಚೆ ಮನೆಯವರು ಆ ಸಪ್ಪಳ ಕೇಳಿ ತಮ್ಮ ಒಲೆ ಹೊತ್ತಿಸುತ್ತಿದ್ದರು. ನಮ್ಮ ಅತ್ತೆ ಯಾರಿಗೂ ಒಳ್ಳೆಯ ಮಾತು ಆಡಿದವಳಲ್ಲ. ಅಂಥವಳು ಒಂದು ದಿನ ನಾಲ್ಕು ಜನರ ಮುಂದೆ, "ಸಣ್ಣ ಸೊಸಿ ಕೈ ಬಂಗಾರ," ಅಂದಳು. ಆ ಮನೆಗೆ ಮೊದಲು ಕಾಲಿಟ್ಟವಳು ನಾನು. ಹೊಟ್ಟೆಕಿಚ್ಚು ಆಯಿತು. ಸುಳ್ಳು ಯಾಕೆ ಹೇಳಲಿ?

ನಮ್ಮ ಓಣಿಗೆ ಮೊದಲ ಟಿವಿ ಬಂದ ವರ್ಷ ಅವಳ ಎಡಗಡೆ ಎದೆಯಲ್ಲಿ ಗಂಟು ಎದ್ದಿತು. ಮಿರಜಿಗೆ ಕರಕೊಂಡು ಹೋದೆವು. ಎದೆ ಕೊಯ್ದು ತೆಗೆದರು, ಆಮೇಲೆ ಉಳಿದ ರೋಗ ಸುಡಲು ಕರೆಂಟು ಕೊಟ್ಟರು. ಅವಳಿಗಾಗ ನಲವತ್ತೆರಡು. ಮನೆಗೆ ಕಳಿಸುವಾಗ ಡಾಕ್ಟರು ಒಂದು ಬಿಳಿ ಗುಳಿಗೆ ಬರೆದುಕೊಟ್ಟು, ದಿನಕ್ಕೊಂದು, ಐದು ವರ್ಷ, ಒಂದು ದಿನವೂ ತಪ್ಪಬಾರದು ಅಂದರು. ರೋಗ ತಿರುಗಿ ಬರದ ಹಾಗೆ ಕಾಯುವ ಗುಳಿಗೆಯಂತೆ. ಅತ್ತೆ ಆ ಕೆಲಸ ನನಗೆ ಹಚ್ಚಿದಳು. "ಮುಂಜಾನಿ ಚಾ ಆದ ಮ್ಯಾಲ ನೀನ ಮುಂದ ನಿಂತು ನುಂಗಸು," ಅಂದಳು. ನುಂಗಿಸಿದೆ.

ಎರಡು ತಿಂಗಳೊಳಗೆ ಉರಿ ಶುರುವಾಯಿತು. ಕೂತಲ್ಲೇ ಎದೆಯಿಂದ ಎದ್ದು ಕೊರಳಿಗೆ ಬಂದು ಮುಖ ಕೆಂಪಗೆ ಮಾಡಿ, ಚರಿಗೆಯಿಂದ ಸುರಿದ ಹಾಗೆ ಬೆವರು. ಆಮೇಲೆ ಅದೇ ಬೆವರಿಗೆ ಚಳಿ. ಮಾಗಿಯ ಥಂಡಿಯಲ್ಲೂ ಅದೇ ಪಾಡು. ಮುಟ್ಟು ನಿಂತಿತು. ಬಿಳಿ ಹೋಗತೊಡಗಿತು. ಸಿಟ್ಟು ಮೂಗಿನ ತುದಿಗೆ ಬಂದು ಕೂತಿತು. ಮುಂಜಾನೆ ಏಳುವಾಗ ಕೈಬೆರಳು ಮಡಚಿದ್ದು ಬಿಚ್ಚುತ್ತಿರಲಿಲ್ಲ. ಅತ್ತೆ ಉಷ್ಣ ಅಂದು ನೆತ್ತಿಗೆ ಔಡಲೆಣ್ಣೆ ತಟ್ಟಿದಳು, ಕಾಮಕಸ್ತೂರಿ ಬೀಜ ನೆನೆಹಾಕಿ ಕುಡಿಸಿದಳು. ಏನೂ ಆಗಲಿಲ್ಲ. ಹಾಸಿಗೆ ದಿನಾ ತೊಯ್ಯುತ್ತದೆ ಅಂತ ಮೈದುನ ಪಡಸಾಲೆಗೆ ಹೋಗಿ ಮಲಗಿದ. ಶೇವಂತಾ ಒಂದು ಮಾತು ಹೇಳುತ್ತಿದ್ದಳು: "ಒಲಿ ಹೊರಗ ಇದ್ರ ಎದ್ದು ಹೋಗಬಹುದು ಅಕ್ಕಾ. ಒಳಗ ಹೊತ್ತಿಸಿಟ್ಟಾರ. ಎಲ್ಲಿಗಿ ಎದ್ದು ಹೋಗಲಿ?"

ಕುಳ್ಳು ತಟ್ಟುವ ಕೆಲಸ ಆಗ ಅವಳೇ ಕೇಳಿ ಇಸಿದುಕೊಂಡಳು. ಹಸಿ ಸಗಣಿ ಅಂಗೈಗೆ ತಂಪು, ಬೆರಳಿಗೆ ಮೆತ್ತಗೆ. ಮುಂಜಾನೆ ಗುಳಿಗೆ ಬಾಯಿಗೆ ಹಾಕಿಕೊಂಡು ನೇರ ಹಿತ್ತಲಿಗೆ ಹೋಗುತ್ತಿದ್ದಳು.

ಮೂರು ತಿಂಗಳಿಗೊಮ್ಮೆ ಕುಡಚಿಯಿಂದ ಗಾಡಿ ಹತ್ತಿ ಮಿರಜಿಗೆ ಹೋಗುತ್ತಿದ್ದೆವು, ನಾನೂ ಅವಳೂ. ಎಕ್ಸ್‌ರೇ ಇಟ್ಟ ದೊಡ್ಡ ಲಕೋಟೆಯಿಂದ ದಾರಿಯುದ್ದಕ್ಕೂ ಗಾಳಿ ಬೀಸಿಕೊಳ್ಳುವಳು. ಡಾಕ್ಟರು ಕಾಗದ ನೋಡುತ್ತ, ಮರಾಠಿಯಲ್ಲಿ, "ಕಾಹೀ ತ್ರಾಸ ಆಹೇ ಕಾ?" ಅಂತ ಕೇಳುವರು, ಏನಾದರೂ ತ್ರಾಸ ಇದೆಯೇ ಅಂತ. ಇವಳು ತಲೆ ತಗ್ಗಿಸಿ, "ಕಾಹೀ ನಾಹೀ" ಅನ್ನುವಳು, ಏನೂ ಇಲ್ಲ ಅಂತ. ಹಣೆಯ ಬೆವರು ಮೂಗಿನ ಮೇಲೆ ತೊಟ್ಟಿಕ್ಕುತ್ತಿದ್ದರೂ ಕಾಹೀ ನಾಹೀ. ಹೊರಗೆ ಬಂದ ಮೇಲೆ ನಾನು ಬೈಯುತ್ತಿದ್ದೆ.

"ತ್ರಾಸ ಇಲ್ಲಂದ್ರ ಬಾನ್ಯಾಗ ಯಾಕ ಕೂಡ್ತಿ? ಬಾಯಿ ಬಿಟ್ಟು ಹೇಳಾಕ ಏನ ಧಾಡಿ?"

"ಗಂಡಸಿನ ಮುಂದ ಏನಂತ ಹೇಳ್ಲಿ ಅಕ್ಕಾ? ಒಂದು ಹೇಳಿದ್ರ ಎಲ್ಲಾ ಕೇಳ್ತಾನ. ಜೀವ ಉಳಿಸ್ಯಾರ, ಮ್ಯಾಲ ಮತ್ತ ಕಟಿಕಟಿ ಬ್ಯಾಡ."

ರೊಟ್ಟಿ ಮಾತ್ರ ಕೆಟ್ಟಿತು. ಬಡಿಯುವ ಸಪ್ಪಳ ನಡುನಡುವೆ ನಿಲ್ಲುತ್ತಿತ್ತು. ರೊಟ್ಟಿ ಸೀಳುತ್ತಿತ್ತು, ಅಂಚು ದಪ್ಪ ಉಳಿಯುತ್ತಿತ್ತು. ಶಿವರಾತ್ರಿಯ ಮರುದಿನ ನನ್ನ ತವರಿನವರು ಊಟಕ್ಕೆ ಬಂದಿದ್ದರು. ಎಲ್ಲರೂ ಕೂತಾಗ ನಾನು ಅವಳು ಬಡಿದ ಒಂದು ರೊಟ್ಟಿ ಎತ್ತಿ ಹಿಡಿದು ತೋರಿಸಿದೆ. "ನೋಡ್ರಿ, ಎಮ್ಮಿ ತುಟಿ ಆಗ್ಯಾವ ಅಂಚು. ಕೊಯ್ದದ್ದು ಮೊಲಿ, ಸತ್ತದ್ದು ಕೈ!" ಅಂದೆ. ಉಣ್ಣುವವರು ನಕ್ಕರು. ನಾನೂ ನಕ್ಕೆ. ಶೇವಂತಾ ಕೈಯ ಹಿಟ್ಟು ಉಜ್ಜಿ ತೆಗೆದು, ಎದ್ದು ಕಲ್ಲುಬಾನಿಯ ಕಡೆ ಹೋದಳು.

ಅಂದದ್ದು ನಾಟಿತು ಅಂದುಕೊಂಡೆ. ಯಾಕೆಂದರೆ ತಿಂಗಳೊಪ್ಪತ್ತಿನಲ್ಲಿ ಅವಳ ಕೈ ಸರಿಹೋಯಿತು. ಸಪ್ಪಳ ಮೊದಲಿನಂತೆ ಒಂದೇ ಸಮ ಬರತೊಡಗಿತು. ರೊಟ್ಟಿ ತೆಳ್ಳಗಾಯಿತು. ಬಾನಿಗೆ ಹೋಗುವುದೂ ಕಡಿಮೆ. ನಾನು ಓಣಿಯಲ್ಲಿ, "ಡಾಕ್ಟರ ಔಷಧಕ್ಕ ಆಗದ್ದು ನನ್ನ ನಾಲಿಗಿಗಿ ಆತು," ಅಂತ ಹೇಳಿಕೊಂಡು ತಿರುಗಿದೆ. ಆ ರೊಟ್ಟಿಯನ್ನು ಬೇಸಿಗೆಯೆಲ್ಲ ಬೆಣ್ಣೆ ಹಚ್ಚಿ ತಿಂದೆವು.

ಕಾರಹುಣ್ಣಿಮೆಯ ಹಿಂದಿನ ದಿನ ನೀರೊಲೆಗೆ ಹಾಕಲು ಕುಳ್ಳು ಮುರಿದೆ. ನಡುವೆ ಬೆಳ್ಳಗೆ ಏನೋ ಇತ್ತು. ಸುಣ್ಣದ ಹರಳು ಅಂದುಕೊಂಡು ಒಗೆದೆ. ಇನ್ನೊಂದರಲ್ಲೂ ಅದೇ. ಉಗುರಿನಿಂದ ಕೆರೆದು ನೋಡಿದೆ. ಅರ್ಧ ಕರಗಿತ್ತು, ಆದರೂ ನಡುವಿನ ಗೆರೆ ಉಳಿದಿತ್ತು. ದಿನಾ ನನ್ನ ಕೈಯಾರೆ ಕೊಟ್ಟ ಗುಳಿಗೆ ನನಗೆ ಗುರುತು ಸಿಗದೆ ಇದ್ದೀತೆ? ಕೆಳಗೆ ಕೂತು ಒಂದು ಬುಟ್ಟಿ ಕುಳ್ಳು ಮುರಿದೆ. ಏಳು ಸಿಕ್ಕವು. ಬಣವೆ ತುಂಬ ಇನ್ನೆಷ್ಟಿದ್ದವೋ. ನಾನು ಕೊಟ್ಟದ್ದನ್ನು ಶೇವಂತಾ ನಾಲಿಗೆಯ ಅಡಿಗೆ ಇಟ್ಟುಕೊಂಡು ಹಿತ್ತಲಿಗೆ ಬಂದು, ದಿನದ ಮೊದಲ ಕುಳ್ಳಿನಲ್ಲಿ ತಟ್ಟಿಬಿಡುತ್ತಿದ್ದಳು.

ಅವಳನ್ನು ಕರೆದು ಸೆರಗಿನಲ್ಲಿದ್ದ ಏಳನ್ನೂ ತೋರಿಸಿದೆ.

"ಏನಿದು?"

"ಹೊರಗ ಒಗದ್ರ ಕೋಳಿ ತಿಂತಿದ್ದುವು," ಅಂದಳು. ಮೊದಲ ಮಾತು ಅದೇ.

"ಕೋಳಿ ಜೀವದ ಕಾಳಜಿ ಐತಿ ನಿನಗ, ನಿನ್ನ ಜೀವದ್ದ ಇಲ್ಲ? ಯಾವಾಗಿಂದ?"

"ಶಿವರಾತ್ರಿಯಿಂದ."

ನನ್ನ ಕಿವಿಯಲ್ಲಿ ತವರಿನವರ ನಗು ಕೇಳಿತು. ಆದರೂ ಬೈಯುವ ಬಾಯಿ ಮುಚ್ಚಲಿಲ್ಲ. "ಹುಚ್ಚಿ ಅದಿ ಏನ? ಸಾಯಬೇಕಂತ ಮಾಡಿ ಏನ?"

ಶೇವಂತಾ ಬಾನಿಯ ಅಂಚಿಗೆ ಕೂತಳು. "ಗುಳಿಗಿ ನುಂಗಿದ್ರ ರೊಟ್ಟಿ ಆಗೂದಿಲ್ಲ ಅಕ್ಕಾ. ಬಿಟ್ರ ಆಗತಾವ. ನೀನ ನೋಡಿಯಲ್ಲ. ರೊಟ್ಟಿ ಆಗಲಿಲ್ಲಂದ್ರ ಈ ಮನ್ಯಾಗ ನಾ ಯಾರು? ಮೊಲಿ ಹೋತು. ಗಂಡನ ಹಾಸಿಗಿ ಬ್ಯಾರೆ ಆತು. ಕೈ ಒಂದ ಉಳದಿತ್ತು."

"ಸತ್ರ?"

"ಸತ್ರ, ರೊಟ್ಟಿ ಚಲೋ ಮಾಡತಿದ್ದಳು ಅಂತಾರ."

ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಯಾರ ಕಪಾಳಕ್ಕೆ ಅಂತ ತಿಳಿಯಲಿಲ್ಲ. ತಪ್ಪಾಯಿತು ಅನ್ನುವ ಮಾತು ನನ್ನ ಬಾಯಿಗೆ ರೂಢಿ ಇಲ್ಲ, ಅಂದೂ ಬರಲಿಲ್ಲ. "ನಾಳಿಂದ ರೊಟ್ಟಿ ನಾ ಬಡೀತೀನಿ," ಅಂದೆ. "ಬೇಯಿಸೂದೂ ನಾನ. ನೀ ಒಲಿ ಮುಂದ ಕೂಡಬ್ಯಾಡ. ಕಾಳು ಹಸನ ಮಾಡು, ಆದಷ್ಟು ಮಾಡು. ಗುಳಿಗಿ ನುಂಗು."

"ಅತ್ತಿ ಕೇಳಿದ್ರ?"

"ನನ್ನ ಕೇಳಲಿ."

ಅತ್ತೆ ಕೇಳಿದಳು. ಮೊದಲ ದಿನವೇ ರೊಟ್ಟಿ ಎತ್ತಿ ನೋಡಿ, ಸಣ್ಣಾಕಿಗೆ ಏನು ರೋಗ ಅಂದಳು. "ರೋಗ ಏನಂತ ನಿಮಗ ಗೊತ್ತೈತ್ರಿ. ನನ್ನ ರೊಟ್ಟಿ ಸೇರದಿದ್ರ ಗಂಜಿ ಕಾಸತೀನಿ, ಕುಡೀರಿ," ಅಂದೆ. ಮುಖ ತಿರುವಿದಳು, ಆದರೆ ತಿಂದಳು. ಆ ಏಳು ಗುಳಿಗೆಯನ್ನು ನೀರೊಲೆಗೆ ಹಾಕಿದೆ. ಸಂಗತಿ ಮನೆಯಲ್ಲಿ ಮೂರನೆಯವರಿಗೆ ಹೇಳಲಿಲ್ಲ.

ಡಾಕ್ಟರಿಗೆ ಹೇಳಿದೆ. ಮುಂದಿನ ಸಲ ಮಿರಜಿನಲ್ಲಿ ಅವರು ತ್ರಾಸ ಕೇಳಿದರು, ಇವಳು ಕಾಹೀ ನಾಹೀ ಅಂದಳು. ನಾನು ಮುಂದೆ ಬಂದು ನನ್ನ ಹರಕು ಮರಾಠಿಯಲ್ಲಿ, "ತಿನಂ ಗೋಳ್ಯಾ ಶೇಣಾತ ಘಾತಲ್ಯಾ, ಸಾಹೇಬ," ಅಂದೆ. ಗುಳಿಗೆ ಸಗಣಿಗೆ ಹಾಕಿದಳು ಅಂತ. ಡಾಕ್ಟರ ಪೆನ್ನು ನಿಂತಿತು. ಆಮೇಲೆ ಉರಿ, ಬೆರಳು, ಬಿಳಿ, ಬೇರೆಯಾದ ಹಾಸಿಗೆ, ಒಂದೂ ಬಿಡದೆ ಹೇಳಿದೆ. ಶೇವಂತಾ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಡಾಕ್ಟರು ಬೈಯಲಿಲ್ಲ. ಇದೆಲ್ಲ ಆ ಗುಳಿಗೆಯದೇ ಕಾಟ, ಆದರೂ ಬಿಡಬಾರದು ಅಂದರು. ಮುಂಜಾನೆ ಬೆರಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಡಿ ಅಂದರು. ಕೆಳಗೆ ರಕ್ತ ಕಂಡರೆ ಮಾತ್ರ ಮೂರು ತಿಂಗಳು ಕಾಯಬೇಡಿ, ಆ ದಿನವೇ ಬನ್ನಿ ಅಂದರು.

ಹೊರಗೆ ಬಂದು, "ನನ್ನ ಮಾನಾ ಕಳದಿ," ಅಂದಳು. ಗಾಡಿ ಹೊರಟ ಮೇಲೆ ಕಿಟಕಿಗೆ ಮುಖ ಮಾಡಿ ಕೂತಳು. ಶೇಡಬಾಳ ದಾಟಿತು. ಆಗ ಲಕೋಟೆಯಿಂದ ಗಾಳಿ ಬೀಸಿಕೊಳ್ಳುತ್ತ, ತನ್ನಷ್ಟಕ್ಕೆ, "ಶೇಣಾತ!" ಅಂದು ಕಿಸಕ್ಕನೆ ನಕ್ಕಳು.

ಹೇಳಿಕೊಂಡದ್ದರಿಂದ ಏನೂ ವಾಸಿಯಾಗಲಿಲ್ಲ. ಬಿಸಿನೀರಿಗೆ ಬೆರಳು ಒಂದಿಷ್ಟು ಬಿಚ್ಚುತ್ತಿದ್ದವು, ಅಷ್ಟೇ. ಉರಿ ಉರಿಯೇ. ದಿನಾ ಮುಂಜಾನೆ ನಾನು ಗುಳಿಗೆ ಕೊಡುವುದು, ಅವಳು ನುಂಗಿ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುವುದು. "ಸಂತ್ಯಾಗ ಎತ್ತಿನ ಹಲ್ಲ ನೋಡಿದಂಗ ನೋಡತಿ," ಅನ್ನುವಳು. "ಎತ್ತಾದ್ರ ಮಾರತಿದ್ದೆ," ಅನ್ನುವೆ ನಾನು. ಅವಳು ದಣಿದಳು. ಇಪ್ಪತ್ತು ಮಂದಿಯ ರೊಟ್ಟಿ ಬಡಿದು ನಾನೂ ದಣಿದೆ. ಒಬ್ಬರ ಮುಖ ಒಬ್ಬರಿಗೆ ಸಾಕಾಗಿತ್ತು. ಐದು ವರ್ಷ ಅಂದರೆ ಬಾಯಿಮಾತಲ್ಲ. ಕಡೆಯ ಗುಳಿಗೆ ನುಂಗಿದ ದಿನ, "ಮುಗೀತು?" ಅಂದಳು. ಮುಗೀತು ಅಂದೆ. "ನಾಳಿ ಏನ ನುಂಗಲಿ ಮತ್ತ?" ಅಂದಳು.

ಮುಂದೆ ಎರಡು ವರ್ಷ ಚೆನ್ನಾಗಿದ್ದಳು. ಆಮೇಲೆ ಬೆನ್ನು ನೋವು ಅಂದಳು. ಮಿರಜಿಗೆ ಹೋದರೆ, ರೋಗ ಎಲುಬಿಗೆ ಇಳಿದಿದೆ ಅಂದರು. ಶಿವರಾತ್ರಿಯಿಂದ ಕಾರಹುಣ್ಣಿಮೆಯ ತನಕ ಸಗಣಿಗೆ ಹೋದ ಗುಳಿಗೆಗಳು ಹೊಟ್ಟೆಗೆ ಹೋಗಿದ್ದರೆ ಹೀಗಾಗುತ್ತಿತ್ತೋ ಇಲ್ಲವೋ. ಡಾಕ್ಟರು ಎದುರಿಗೇ ಇದ್ದರು. ಎಲ್ಲ ಕೇಳುವ ನಾನು ಅದೊಂದು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರಲ್ಲ.

ಅವಳನ್ನು ನೋಡಲು ಮಿರಜಿನ ಆಸ್ಪತ್ರೆಗೆ ಕಡೆಯ ಸಲ ಹೋದಾಗ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ. ಹಾಸಿಗೆಯಲ್ಲಿ ಸಣ್ಣಗಾಗಿ ಬಿದ್ದಿದ್ದಳು. ಗಂಟು ಬಿಚ್ಚಿ ಒಂದು ರೊಟ್ಟಿ ಕೈಗೆ ಕೊಟ್ಟೆ. ತಿನ್ನಲಿಲ್ಲ. ಹೆಬ್ಬೆರಳಿನಿಂದ ಅಂಚು ಸವರುತ್ತ ಒಂದು ಸುತ್ತು ತಿರುವಿದಳು.

"ಅಕ್ಕಾ."

"ಏನ?"

"ಎಮ್ಮಿ ತುಟಿ."

"ಸುಮ್ಮನ ತಿನ್ನು," ಅಂದೆ.

ಒಂದು ತುಣುಕು ತಿಂದಳು. ಉಳಿದದ್ದನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿಕೊಂಡು ಕುಡಚಿ ಗಾಡಿ ಹತ್ತಿದೆ. ನಾನು ತಿರುಗಿ ಹೋಗುವುದರೊಳಗೆ ಅವಳ ಹೆಣವನ್ನೇ ಮನೆಗೆ ತಂದರು. ಅವಳನ್ನು ಕಡೆಗೆ ಕಂಡ ಆ ದಿನ ಗಾಡಿಯಲ್ಲಿ ಕೂತು, ಅವಳು ಬಿಟ್ಟ ರೊಟ್ಟಿ ಬಿಚ್ಚಿ ನಾನೇ ತಿಂದೆ. ಅವಳು ಹೇಳಿದ್ದು ಖರೆ. ಅಂಚು ನುಂಗಲು ಬರುತ್ತಿರಲಿಲ್ಲ.