ಎಂಟು ಗಂಟೆಯ ಗುಳಿಗೆ

ಎಂಬತ್ತರ ದಶಕದ ಕೊನೆಯಲ್ಲಿ, ಸದಲಗಾದ ನಮ್ಮ ಮನೆಯಲ್ಲಿ, ನನ್ನ ಅಜ್ಜಿಯ ಜೀವಕ್ಕೆ ಮುಳುವಾಗಬಹುದಾಗಿದ್ದ ಗುಳಿಗೆಯನ್ನು ದಿನವೂ ನಾನೇ ಕೈಯಾರೆ ಕೊಟ್ಟೆ. ಪರರ ತಪ್ಪು ಹೆಸರಿಸುವ ಮೊದಲು ನನ್ನದನ್ನು ಹೇಳಿಬಿಡಬೇಕು.

ನಾವು ಜೈನ ರೈತರು. ಆಯಿ ಎಂದು ನಾವು ಕರೆಯುತ್ತಿದ್ದ ಅಜ್ಜಿ, ಮದುವೆಯಾದಂದಿನಿಂದ ಹೊತ್ತು ಮುಳುಗಿದ ಮೇಲೆ ಮರುದಿನ ಹೊತ್ತು ಹುಟ್ಟುವವರೆಗೆ ಅನ್ನ ಮುಟ್ಟಿದವಳಲ್ಲ. ನೀರು, ಔಷಧಗಳಿಗೆ ಮಾತ್ರ ಅವಳ ವ್ರತದಲ್ಲಿ ವಿನಾಯಿತಿ. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಚೀಟಿಯಲ್ಲಿ 'ರಾತ್ರಿ ಎಂಟಕ್ಕೆ, ಊಟಕ್ಕೆ ಮುಂಚೆ' ಎಂದು ಬರೆದರು. ಜೊತೆಗೊಂದು ಅಚ್ಚಾದ ಪಥ್ಯದ ಹಾಳೆ: ಬ್ರೆಡ್ಡು, ಮೊಟ್ಟೆ, ಸೂಪು. ಮೊಟ್ಟೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮುದುಕಿಗೆ! ಏನು ಉಣ್ಣುತ್ತೀರಿ, ಯಾವಾಗ ಉಣ್ಣುತ್ತೀರಿ ಎಂದು ಅವರು ಕೇಳಲಿಲ್ಲ. ಕಲಿತವಳೆಂಬ ಹಮ್ಮಿನಲ್ಲಿ ನಾನೂ ಚೀಟಿಯನ್ನು ಓದಿದೆನೇ ಹೊರತು ಆಯಿಯನ್ನು ನೋಡಲಿಲ್ಲ.

ಕೆಲವೇ ವಾರಗಳಲ್ಲಿ ಆಯಿ ನಸುಕಿನಲ್ಲಿ ಬೆವರಿ, ನಡುಗಿ, ತೊದಲತೊಡಗಿದಳು. "ವಯಸ್ಸಾತು, ಅರಳುಮರಳು" ಎಂದು ಮನೆಯವರು ಸುಮ್ಮನಾದರು. ಒಂದು ಬೆಳಗಿನ ಜಾವ ನೆರೆಮನೆಯ ನರ್ಸಬಾಯಿ ಬಂದು ಸಕ್ಕರೆ ನೀರು ಹಿಡಿದಾಗ ಆಯಿ ತುಟಿ ಬಿಗಿದಳು. "ಸಕ್ಕರಿ ಬಿದ್ದ ಮ್ಯಾಲ ಅದು ಊಟಾನ. ಹೊತ್ತು ಹುಟ್ಟಿಲ್ಲ." ಬಿಸಿಲು ಹೊಸ್ತಿಲಿಗೆ ಬಂದ ಮೇಲಷ್ಟೇ ಕುಡಿದಳು. ಅಲ್ಲಿಯವರೆಗೆ ನಾವು ಅವಳು ನಂದುವುದನ್ನು ನೋಡುತ್ತ ಕುಳಿತಿದ್ದೆವು.

ಡಾಕ್ಟರು ಹೇಳಿದ್ದು ಇಷ್ಟೇ: "ವ್ರತಾ ಬಿಡಸ್ರಿ, ಇಲ್ಲಾಂದ್ರ ಮುದುಕಿ ಆಸೆ ಬಿಡ್ರಿ."

ಮಿರಜಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಅಲ್ಲಿ ಆಹಾರತಜ್ಞೆಯೊಬ್ಬರು ಆಯಿಯ ಪಕ್ಕದಲ್ಲೇ ಕುಳಿತು ಕೇಳಿದರು.

"ಆಯಿ, ದಿನದ ಕಡೀ ತುತ್ತು ಯಾವಾಗ್ರಿ?"

"ಐದೂವರಿಗೆ."

"ಗುಳಿಗಿ?"

"ಎಂಟಕ್ಕ. ನನ್ನ ಮೊಮ್ಮಗಳು ಸಾಲಿ ಕಲತಾಳ್ರಿ. ಒಂದ್ ನಿಮಿಷ ಆಚೀಚಿ ಮಾಡಂಗಿಲ್ಲ."

ಅವರು ನನ್ನತ್ತ ತಿರುಗಿ, ಮೇಲೆ ಊಟ ಬೀಳದಿದ್ದರೆ ಆ ಗುಳಿಗೆ ರಾತ್ರಿಯಿಡೀ ರಕ್ತದ ಸಕ್ಕರೆಯನ್ನು ಅತಿಯಾಗಿ ಇಳಿಸುತ್ತದೆಂದು ಬಿಡಿಸಿ ಹೇಳಿದರು. ಅಲ್ಲಿಯ ವೈದ್ಯರೊಡನೆ ಮಾತಾಡಿ ಗುಳಿಗೆಯ ಪ್ರಮಾಣ ಇಳಿಸಿ, ಅದನ್ನು ಸಂಜೆಯ ಊಟದ ಮುಂಚಿನ ವೇಳೆಗೆ ತರಿಸಿದರು. ಬ್ರೆಡ್ಡಿನ ಜಾಗದಲ್ಲಿ ಜೋಳದ ರೊಟ್ಟಿ, ಹೆಸರುಬೇಳೆ ಬರೆದರು. ವ್ರತ ಉಳಿಯಿತು, ಆಯಿಯೂ ಉಳಿದಳು.

ನನ್ನ ಸಿಟ್ಟು ಇಳಿಯಲಿಲ್ಲ. ಮುದುಕರ ಊಟ ವಿಚಾರಿಸುವ ಇಂಥವರೊಬ್ಬರನ್ನು ನಮ್ಮ ಕಡೆಯ ಸರಕಾರಿ ಆಸ್ಪತ್ರೆಗೂ ನೇಮಿಸಿರೆಂದು ಅರ್ಜಿ ಹಿಡಿದು ವರ್ಷಗಟ್ಟಲೆ ಅಲೆದೆ. "ಊಟದ ಮಾತು ಮನ್ಯಾಗ ಹೆಣ್ಮಕ್ಕಳು ನೋಡ್ಕೋತಾರಲ್ರಿ" ಎಂದು ಅಧಿಕಾರಿಯೊಬ್ಬರು ನಕ್ಕರು. ಮನೆಯ ಹೆಣ್ಣುಮಗಳಾಗಿ ನಾನು ನೋಡಿಕೊಂಡ ಬಗೆಯನ್ನು ಅವರಿಗೆ ಹೇಳಿದೆ. ನಗು ನಿಂತಿತು; ಅರ್ಜಿ ಅಲ್ಲೇ ಕುಳಿತಿತು.

ಅಂದು ಆ ಕಚೇರಿಯಿಂದ ಹೊತ್ತಿರುವಾಗಲೇ ಮನೆ ಸೇರಿದಾಗ ಆಯಿ ಪಡಸಾಲೆಯಲ್ಲಿ ತಾಟಿನ ಮುಂದೆ ಕಾಯುತ್ತಿದ್ದಳು.

"ಗುಳಿಗಿ ತಾ ಬೇ. ಗಡಿಯಾರ ಬಿಡು, ಹೊತ್ತ ನೋಡು."